ತಣ್ಣನೆಯ ಕ್ಯಾಮೆರಾ, ಒಣಗಿದ ಗಾಳಿ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ನಮ್ಮ ನೆನಪಿಗೆ ಬರುವುದು ತೆಂಗು ಮತ್ತು ಕೊಬ್ಬರಿ. ಇಂದು ನಾನು ಮಾತನಾಡಲು ಹೊರಟಿರುವುದು ನಕ್ಷತ್ರ, ನೀಹಾರಿಕೆಗಳ ಛಾಯಾಚಿತ್ರ ತೆಗೆಯುವ ಒಂದು ಬಗೆಯ ಕ್ಯಾಮೆರಾದ ಬಗ್ಗೆ. ಇವೆರಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೊಬ್ಬರಿ ಮಾಡುವ ರೈತರನ್ನೂ ಆಕಾಶದ ಚಿತ್ರ ತೆಗೆಯುವವರನ್ನೂ ಕಾಡುವ ಶತ್ರು ಒಂದೇ. ಅದು ತೇವ. ಅದನ್ನು ಗೆಲ್ಲುವ ಉಪಾಯದಲ್ಲೂ ಇಬ್ಬರಿಗೂ ಬಹಳಷ್ಟು ಸಾಮ್ಯವಿದೆ.

ಈಗ ಅನೇಕ ಕಾಲೇಜುಗಳಲ್ಲಿ ದೂರದರ್ಶಕಗಳಿವೆ. ಅದರ ಹಿಂದೆ ಜೋಡಿಸುವ, ತಾನೇ ತಣ್ಣಗಾಗುವ ಕ್ಯಾಮೆರಾಗಳೂ ಹವ್ಯಾಸಿಗಳ ಕೈಗೆ ಬಂದಿವೆ. ಇವು ಅಗ್ಗದ ವಸ್ತುಗಳಲ್ಲ. ಹತ್ತಾರು ಸಾವಿರದಿಂದ ಹಿಡಿದು ಲಕ್ಷ ರೂಪಾಯಿ ದಾಟುವ ಕ್ಯಾಮೆರಾಗಳೂ ಇವೆ. ಊರಿನವರು, ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ಕೊಡಿಸಿದ ಇಂಥದೊಂದು ಕ್ಯಾಮೆರಾ ಕಣ್ಣಿಗೆ ಕಾಣದಷ್ಟು ನೀರಿನಿಂದ ಕೆಟ್ಟುಹೋದರೆ ಎಷ್ಟು ನಷ್ಟ! ನೀರು ಎಲ್ಲಿಂದ ಬಂತು, ಏಕೆ ಬಂತು ಎಂದು ತಿಳಿದವರ ಕೈಯಲ್ಲಿ ಅದೇ ಕ್ಯಾಮೆರಾ ವರ್ಷಗಟ್ಟಲೆ ಬಾಳುತ್ತದೆ.

ಕ್ಯಾಮೆರಾ ತಣ್ಣಗೇಕಿರಬೇಕು?

ಮೊದಲಿಗೆ ಈ ಪ್ರಶ್ನೆ ನೋಡೋಣ. ಕ್ಯಾಮೆರಾದ ಒಳಗೆ ಬೆಳಕನ್ನು ಗ್ರಹಿಸುವ ಒಂದು ಸಿಲಿಕಾನ್ ಬಿಲ್ಲೆ ಇರುತ್ತದೆ. ಇದನ್ನು ಸಂವೇದಕ ಎನ್ನೋಣ. ಬೆಳಕಿನ ಕಣ ಬಿದ್ದಾಗ ಸಿಲಿಕಾನಿನಲ್ಲಿ ಒಂದು ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ. ಇಂಥ ಎಲೆಕ್ಟ್ರಾನುಗಳನ್ನು ಎಣಿಸಿದರೆ ಚಿತ್ರ ಸಿದ್ಧ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಈ ತತ್ವದ ಸಿ.ಸಿ.ಡಿ. ಎಂಬ ಸಾಧನವನ್ನು ರೂಪಿಸಿದರು. 2009ರಲ್ಲಿ ಅವರಿಗೆ ಅದಕ್ಕಾಗಿ ನೊಬೆಲ್ ಪ್ರಶಸ್ತಿಯೂ ಬಂತು. ಇಂದಿನ ಹವ್ಯಾಸಿ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಸಿ-ಮಾಸ್ ಎಂಬ ಇನ್ನೊಂದು ಬಗೆಯ ಸಂವೇದಕವಿರುತ್ತದೆ. ನಮ್ಮ ವಿಷಯದ ಮಟ್ಟಿಗೆ ಎರಡೂ ಒಂದೇ.

ತೊಂದರೆ ಏನೆಂದರೆ, ಬೆಳಕು ಬೀಳದಿದ್ದರೂ ಬರಿಯ ಶಾಖದಿಂದಲೇ ಸಿಲಿಕಾನಿನಲ್ಲಿ ಕೆಲವು ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತಿರುತ್ತವೆ. ಮದುವೆ ಮನೆಯ ಚಿತ್ರ ತೆಗೆಯುವಾಗ ಇದು ಲೆಕ್ಕಕ್ಕೆ ಬಾರದು, ಏಕೆಂದರೆ ಕ್ಯಾಮೆರಾ ಕಣ್ಣು ತೆರೆದಿರುವುದು ಸೆಕೆಂಡಿನ ಒಂದು ಸಣ್ಣ ಭಾಗ ಮಾತ್ರ. ಒಂದು ನೀಹಾರಿಕೆಯ ಚಿತ್ರಕ್ಕೆ ಐದು ನಿಮಿಷ, ಹತ್ತು ನಿಮಿಷ ತೆರೆದಿಡಬೇಕು. ಅಷ್ಟು ಹೊತ್ತಿಗೆ ಈ ಸುಳ್ಳು ಎಲೆಕ್ಟ್ರಾನುಗಳು ನಿಜವಾದ ಬೆಳಕಿನ ಗುರುತುಗಳನ್ನು ಮುಚ್ಚಿಬಿಡುತ್ತವೆ.

ಸಂವೇದಕವನ್ನು ಸುಮಾರು 6ರಿಂದ 7 ಡಿಗ್ರಿ ಸೆಲ್ಸಿಯಸ್ ತಣ್ಣಗೆ ಮಾಡಿದರೆ ಈ ಸುಳ್ಳು ಸಂಕೇತ ಅರ್ಧಕ್ಕೆ ಇಳಿಯುತ್ತದೆ. 7 ಡಿಗ್ರಿ ಎಂದೇ ಇಟ್ಟುಕೊಳ್ಳಿ. 25 ಡಿಗ್ರಿಯಿಂದ ಮೈನಸ್ 10 ಡಿಗ್ರಿಗೆ ಇಳಿಸಿದರೆ ಐದು ಬಾರಿ ಅರ್ಧವಾಗಿ 32ರಲ್ಲಿ ಒಂದು ಭಾಗ ಮಾತ್ರ ಉಳಿಯುತ್ತದೆ. ಆದ್ದರಿಂದಲೇ ಈ ಕ್ಯಾಮೆರಾಗಳಲ್ಲಿ ತಂಪು ಮಾಡುವ ವ್ಯವಸ್ಥೆ ಇರುತ್ತದೆ. ಎರಡು ಬಗೆಯ ವಾಹಕಗಳ ಸಂಧಿಯಲ್ಲಿ ವಿದ್ಯುತ್ ಹರಿಸಿದರೆ ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಬಿಸಿಯಾಗುತ್ತದೆ ಎಂದು 1834ರಲ್ಲಿ ಫ್ರಾನ್ಸಿನ ಪೆಲ್ಟಿಯರ್ ಕಂಡುಹಿಡಿದಿದ್ದ. ಅದೇ ತತ್ವದ ಒಂದು ಚಪ್ಪಟೆ ಬಿಲ್ಲೆ ಸಂವೇದಕದ ಬೆನ್ನಿಗಿರುತ್ತದೆ. ಅದರ ಬಿಸಿ ಬದಿಗೆ ಒಂದು ಸಣ್ಣ ಫ್ಯಾನ್. ಕ್ಯಾಮೆರಾದೊಳಗೆ ಒಂದು ಪುಟ್ಟ ಫ್ರಿಜ್ ಇದ್ದಂತೆ.

ಫ್ರಿಜ್ ಇದ್ದಲ್ಲಿ ಬೆವರೂ ಇರುತ್ತದೆ!

ನೀರು ಎಲ್ಲಿಂದ ಬರುತ್ತದೆ?

ಫ್ರಿಜ್ಜಿನಲ್ಲಿಟ್ಟ ಎಳನೀರನ್ನು ಹೊರಗೆ ತೆಗೆದಿಟ್ಟು ನೋಡಿ. ಐದು ನಿಮಿಷದಲ್ಲಿ ಬುರುಡೆಯ ಹೊರಮೈ ಒದ್ದೆಯಾಗುತ್ತದೆ. ಆ ನೀರು ಒಳಗಿನ ಎಳನೀರಲ್ಲ ಎಂದು ನಿಮಗೆ ಗೊತ್ತೇ ಇದೆ. ಅದು ಗಾಳಿಯಲ್ಲಿದ್ದ ಆವಿ.

ಗಾಳಿ ಎಷ್ಟು ಆವಿಯನ್ನು ಹೊರಬಲ್ಲದು ಎಂಬುದು ಉಷ್ಣತೆಯನ್ನು ಅವಲಂಬಿಸಿದೆ. ಒಂದು ಘನ ಮೀಟರ್ ಗಾಳಿಯ ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. 25 ಡಿಗ್ರಿಯಲ್ಲಿ 23 ಗ್ರಾಂ. 20 ಡಿಗ್ರಿಯಲ್ಲಿ 17 ಗ್ರಾಂ. 10 ಡಿಗ್ರಿಯಲ್ಲಿ ಒಂಬತ್ತೂವರೆ ಗ್ರಾಂನಷ್ಟು. ಸೊನ್ನೆಯಲ್ಲಿ 5 ಗ್ರಾಂಗೂ ಕಡಿಮೆ. ಮೈನಸ್ 10ರಲ್ಲಿ 2 ಗ್ರಾಂಗೆ ತುಸು ಹೆಚ್ಚು. ಮೈನಸ್ 20ರಲ್ಲಿ 1 ಗ್ರಾಂ ಕೂಡ ಇಲ್ಲ. ಗಾಳಿಯನ್ನು ತಣ್ಣಗೆ ಮಾಡುತ್ತ ಹೋದರೆ, ಅದರಲ್ಲಿರುವ ಆವಿಯೇ ಅದಕ್ಕೆ ಹೊರಲಾರದಷ್ಟಾಗುವ ಒಂದು ಹಂತ ಬರುತ್ತದೆ. ಆ ಉಷ್ಣತೆಯೇ ಇಬ್ಬನಿ ಬಿಂದು. ಅದಕ್ಕಿಂತ ತಣ್ಣಗಿರುವ ಯಾವ ಮೇಲ್ಮೈ ಸಿಕ್ಕರೂ ಅದರ ಮೇಲೆ ನೀರು ಕೂರುತ್ತದೆ. ಮೇಲ್ಮೈ ಸೊನ್ನೆಗಿಂತ ಕೆಳಗಿದ್ದರೆ ಆವಿ ಹಿಮದ ಹರಳಾಗಿಯೇ ಅಂಟಿಕೊಳ್ಳಬಹುದು.

ಈ ಮಾತಿನಿಂದ ನಮಗೆ ಎರಡು ಪ್ರಶ್ನೆಗಳು ಸಿಗುತ್ತವೆ. ಇಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಮೇಲ್ಮೈ ಯಾವುದು? ಅದಕ್ಕೆ ತಾಗುವ ಗಾಳಿ ಎಷ್ಟು ಒಣಗಿದೆ? ಕ್ಯಾಮೆರಾದ ತೇವದ ಸಮಸ್ಯೆ ಯಾವ ರೂಪದಲ್ಲಿ ಬಂದರೂ ಈ ಎರಡು ಪ್ರಶ್ನೆ ಕೇಳಿಕೊಳ್ಳಿ. ಮುಂದಿನದೆಲ್ಲ ಇವುಗಳಿಗೆ ಉತ್ತರ.

ನಮ್ಮ ತೆಂಗಿನ ಸೀಮೆಯಲ್ಲಿ ಆಕಾಶ ಚೆನ್ನಾಗಿ ತೆರೆದುಕೊಳ್ಳುವುದು ಮಳೆಗಾಲ ಕಳೆದ ಮೇಲೆ, ಡಿಸೆಂಬರಿನಿಂದ ಫೆಬ್ರವರಿವರೆಗೆ. ಮಹಾವ್ಯಾಧನ ನೀಹಾರಿಕೆ ನೆತ್ತಿಗೆ ಬರುವುದೂ ಆಗಲೇ. ಇಬ್ಬನಿ ಹೆಚ್ಚಾಗಿ ಬೀಳುವುದೂ ಅದೇ ದಿನಗಳಲ್ಲಿ. ಇದು ಕಾಕತಾಳೀಯವಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ನೆಲ, ಹೆಂಚು, ಗರಿ, ದೂರದರ್ಶಕದ ಗಾಜು ಎಲ್ಲವೂ ತಮ್ಮ ಶಾಖವನ್ನು ತೆರೆದ ಆಕಾಶಕ್ಕೆ ಸೂಸಿ, ಸುತ್ತಲಿನ ಗಾಳಿಗಿಂತಲೂ ಕೆಲವು ಡಿಗ್ರಿ ತಣ್ಣಗಾಗುತ್ತವೆ. ಅಂಗಳದಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟು ಬೆಳಿಗ್ಗೆ ತೊಯ್ದಿರುತ್ತದೆ, ಮರದ ಕೆಳಗೆ ನಿಲ್ಲಿಸಿದ್ದು ಒಣಗಿರುತ್ತದೆ. ಇದನ್ನು ನೀವು ಗಮನಿಸಿರಬಹುದು. ಮರ ಆಕಾಶಕ್ಕೆ ಅಡ್ಡವಾಗಿ ಶಾಖವನ್ನು ತಡೆಯುತ್ತದೆ. ಆದರೆ ನಮಗೆ ಬೇಕಾದದ್ದು ಆಕಾಶವೇ ಆದ್ದರಿಂದ ಮರದ ಕೆಳಗೆ ಕೂರುವಂತಿಲ್ಲ!

ಜಾಗ ಆರಿಸುವಾಗಲೂ ಇದೇ ವಿವೇಕ ಬೇಕು. ನೀರು ಕಟ್ಟಿದ ತೋಟದ ನಡುವೆ, ಮಲ್ಲಾಘಟ್ಟದಂಥ ಕೆರೆಯ ಅಂಚಿನಲ್ಲಿ, ಬೋರನಕಣಿವೆ ಜಲಾಶಯದ ಬದಿಯಲ್ಲಿ ನೋಟ ಸುಂದರ. ಆದರೆ ಅಲ್ಲಿನ ಗಾಳಿಯಲ್ಲಿ ಆವಿ ಹೆಚ್ಚು, ತಣ್ಣನೆಯ ಗಾಳಿ ತಗ್ಗಿನಲ್ಲಿ ಬಂದು ನಿಲ್ಲುವುದೂ ಹೆಚ್ಚು. ಬೋಳು ದಿಣ್ಣೆ, ಬೆದ್ದಲು ಹೊಲ, ಶಾಲೆಯ ಮಾಳಿಗೆ ಇವು ಉತ್ತಮ.

ಮುಚ್ಚಿದ ಕೋಣೆಯ ಒಳಗೆ

ಈಗ ಕ್ಯಾಮೆರಾದ ಒಳಗೆ ಹೋಗೋಣ. ಸಂವೇದಕವನ್ನು ಒಂದು ಸಣ್ಣ ಲೋಹದ ಕೋಣೆಯಲ್ಲಿ ಇಟ್ಟು, ಮುಂದೆ ಒಂದು ಗಾಜಿನ ಕಿಟಕಿ ಕೂರಿಸಿ, ರಬ್ಬರ್ ಉಂಗುರಗಳಿಂದ ಬಿಗಿಯಾಗಿ ಮುಚ್ಚಿರುತ್ತಾರೆ. ಎಲ್ಲಕ್ಕಿಂತ ತಣ್ಣಗಿರುವ ಮೇಲ್ಮೈ ಸಂವೇದಕವೇ. ಅದಕ್ಕೆ ತಾಗುವುದು ಕೋಣೆಯೊಳಗಿನ ಗಾಳಿ. ಆ ಗಾಳಿ ಎಷ್ಟು ಒಣಗಿರಬೇಕು?

ಕೋಣೆಯ ಗಾಳಿ 20 ಡಿಗ್ರಿಯಲ್ಲಿದ್ದು ಸಂವೇದಕ ಮೈನಸ್ 10ರಲ್ಲಿದ್ದರೆ, ಒಳಗಿನ ಸಾಪೇಕ್ಷ ಆರ್ದ್ರತೆ ಶೇಕಡ 11ಕ್ಕಿಂತ ಕಡಿಮೆ ಇರಬೇಕು. ಸಂವೇದಕವನ್ನು ಮೈನಸ್ 20ಕ್ಕೆ ಇಳಿಸುವುದಾದರೆ ಶೇಕಡ 4ರ ಆಸುಪಾಸು. ಹೊರಗಿನ ರಾತ್ರಿಯ ಗಾಳಿಯಲ್ಲಿ ಶೇಕಡ 80-90 ಇರುವಾಗ ಒಳಗೆ ಈ ಒಣತನವನ್ನು ಕಾಪಾಡಬೇಕು.

ಒಂದು ಸಣ್ಣ ಲೆಕ್ಕ ಮಾಡೋಣ. ಕೋಣೆಯಲ್ಲಿ 50 ಮಿಲಿ ಲೀಟರ್ ಗಾಳಿ ಹಿಡಿಯುತ್ತದೆ ಎಂದುಕೊಳ್ಳಿ. ಅಂದರೆ ಅರ್ಧ ಕಾಫಿ ಲೋಟದಷ್ಟು. 20 ಡಿಗ್ರಿಯ, ಶೇಕಡ 60 ಆರ್ದ್ರತೆಯ ಗಾಳಿ ಅದರಲ್ಲಿದ್ದರೆ, ಅದರ ನೀರು ಸುಮಾರು ಅರ್ಧ ಮಿಲಿಗ್ರಾಂ. ಇಷ್ಟೇ ತಾನೆ ಎನ್ನಬೇಡಿ. 18 ಮಿಲಿಮೀಟರ್ ಉದ್ದ, 13 ಮಿಲಿಮೀಟರ್ ಅಗಲದ ಸಂವೇದಕದ ಮೇಲೆ ಅಷ್ಟೂ ನೀರನ್ನು ಸಮವಾಗಿ ಹರಡಿದರೆ 2 ಮೈಕ್ರಾನ್ ದಪ್ಪದ ಪದರವಾಗುತ್ತದೆ. ಹಸಿರು ಬೆಳಕಿನ ಅಲೆಯ ಉದ್ದ ಅರ್ಧ ಮೈಕ್ರಾನಿನಷ್ಟು. ಹಿಮ ಸಮವಾಗಿ ಹರಡುವುದೂ ಇಲ್ಲ, ಅಲ್ಲಲ್ಲಿ ಹರಳುಗಟ್ಟುತ್ತದೆ. ಚುಕ್ಕೆಗಳಂತಿರಬೇಕಾದ ನಕ್ಷತ್ರಗಳು ಹತ್ತಿಯ ಉಂಡೆಗಳಂತೆ ಊದಿಕೊಳ್ಳುತ್ತವೆ. ಕ್ಯಾಮೆರಾ ಬಂದ್ ಮಾಡಿದ ಮೇಲೆ ಹಿಮ ಕರಗಿ ನೀರಾಗುತ್ತದೆ. ಆ ನೀರು ಸೂಕ್ಷ್ಮ ತಂತಿಗಳ ಸಂಧಿಗೆ ಇಳಿದರೆ ತುಕ್ಕು ಅಥವಾ ಶಾರ್ಟ್ ಸರ್ಕ್ಯೂಟ್. ಚಿತ್ರ ಕೆಟ್ಟರೆ ಮರುದಿನ ಮತ್ತೊಂದು ತೆಗೆಯಬಹುದು. ಸಂವೇದಕ ಕೆಟ್ಟರೆ ಕ್ಯಾಮೆರಾದ ಕಥೆ ಮುಗಿಯಿತು.

ಮುಚ್ಚಿದ ಕೋಣೆಗೆ ನೀರು ಹೇಗೆ ಬರುತ್ತದೆ? ಮೂರು ದಾರಿಗಳಿವೆ. ನಾವೇ ಕೋಣೆಯನ್ನು ತೆರೆದಾಗ ಬರುವುದು ಒಂದು. ರಬ್ಬರ್ ಉಂಗುರದ ಮೂಲಕ ತಿಂಗಳುಗಟ್ಟಲೆ ಅತಿ ನಿಧಾನವಾಗಿ ನುಸುಳುವುದು ಇನ್ನೊಂದು; ನಮಗೆ ಬಿಗಿಯಾಗಿ ಕಾಣುವ ರಬ್ಬರು ಆವಿಯ ಅಣುಗಳಿಗೆ ಪೂರ್ತಿ ಗೋಡೆಯಲ್ಲ. ಮೂರನೆಯದು ಕೋಣೆಯ ‘ಉಸಿರಾಟ’. ಒಳಗಿನ ಗಾಳಿ 27 ಡಿಗ್ರಿಯಿಂದ ಸೊನ್ನೆಗೆ ತಣ್ಣಗಾದರೆ ಅದರ ಒತ್ತಡ ಶೇಕಡ 9ರಷ್ಟು ಇಳಿಯುತ್ತದೆ. ಇದು ನೀವು ಓದಿದ ಅನಿಲ ನಿಯಮವೇ. ಸೂಜಿಮೊನೆಯಷ್ಟು ಸಂದು ಇದ್ದರೂ ಹೊರಗಿನ ತೇವದ ಗಾಳಿ ಒಳಕ್ಕೆ ಸೆಳೆಯಲ್ಪಡುತ್ತದೆ. ಮರುದಿನ ಬಿಸಿಯಾದಾಗ ಸ್ವಲ್ಪ ಗಾಳಿ ಹೊರಹೋಗುತ್ತದೆ. ರಾತ್ರಿ ಮತ್ತೆ ಒಳಗೆ.

ಆದ್ದರಿಂದ ಬಿಗಿಯಾಗಿ ಮುಚ್ಚಿದರೆ ಸಾಲದು. ಒಳಗೆ ಬಂದ ಆವಿಯನ್ನು ಹಿಡಿದಿಟ್ಟುಕೊಳ್ಳುವ ಒಂದು ವಸ್ತು ಕೋಣೆಯಲ್ಲಿಯೇ ಇರಬೇಕು.

ಅಟ್ಟದ ಪಾಠ

ಇಲ್ಲಿ ಒಂದು ಗಳಿಗೆ ಕೊಬ್ಬರಿ ಅಟ್ಟದ ಕಡೆ ನೋಡೋಣ. ತಿಪಟೂರು ಸೀಮೆಯಲ್ಲಿ ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಅಟ್ಟದ ತಳಕ್ಕೆ ಅಡಿಕೆ ದಬ್ಬೆ ಅಥವಾ ಬಿದಿರನ್ನು ಸಂದು ಬಿಟ್ಟು ಹಾಸಿರುತ್ತಾರೆ, ಕೆಳಗಿನಿಂದ ಗಾಳಿಯಾಡಲಿ ಎಂದು. ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಕಳೆಯಬೇಕು. ಒಳಗಿನ ನೀರು ಬತ್ತಿ, ತಿರುಳು ಚಿಪ್ಪನ್ನು ಬಿಟ್ಟು, ಕಾಯಿ ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುತ್ತದೆ. ಆಮೇಲೆ ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ಹಸಿ ತಿರುಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಒಳ್ಳೆಯ ಕೊಬ್ಬರಿಯಲ್ಲಿ ಅದು ಶೇಕಡ 6ರ ಆಸುಪಾಸಿಗೆ ಇಳಿದಿರಬೇಕು. ತೇವ ಉಳಿದರೆ ಬೂಷ್ಟು ಬರುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಬೂಷ್ಟು ಬಂದ ಮೇಲೆ ಒರೆಸಿ ಪ್ರಯೋಜನವಿಲ್ಲ. ಅದಕ್ಕೇ ರೈತ ಮೊದಲು ಒಣಗಿಸುತ್ತಾನೆ, ಆಮೇಲೆ ಮೂಟೆ ಕಟ್ಟುತ್ತಾನೆ.

ಕ್ಯಾಮೆರಾದಲ್ಲೂ ಅದೇ ಕ್ರಮ. ಮೊದಲು ಒಣಗಿಸಬೇಕು, ಆಮೇಲೆ ತಣ್ಣಗೆ ಮಾಡಬೇಕು. ಈ ಕ್ರಮ ತಿರುಗುಮುರುಗಾದರೆ ನೀರು ನೇರವಾಗಿ ಸಂವೇದಕದ ಮೇಲೆ ಕೂರುತ್ತದೆ.

ಒಣಗಿಸುವ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವುದು ಸಿಲಿಕಾ ಜೆಲ್ ಅಥವಾ ಅಣುಜರಡಿ ಎಂಬ ವಸ್ತು. ಹೊಸ ಚಪ್ಪಲಿ, ಹೊಸ ಚೀಲದ ಜೊತೆ ಬರುವ ಸಣ್ಣ ಪೊಟ್ಟಣದ ಹರಳುಗಳೇ ಸಿಲಿಕಾ ಜೆಲ್. ಇವು ನೀರನ್ನು ಸ್ಪಂಜಿನಂತೆ ಕುಡಿಯುವುದಿಲ್ಲ. ಇವುಗಳೊಳಗೆ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ರಂಧ್ರಗಳಿವೆ. ಆ ರಂಧ್ರಗಳ ಗೋಡೆಗೆ ಆವಿಯ ಅಣುಗಳು ಅಂಟಿಕೊಳ್ಳುತ್ತವೆ. ಇದಕ್ಕೆ ಅಧಿಶೋಷಣೆ ಎಂದು ಹೆಸರು. ಒಂದೆರಡು ಗ್ರಾಂ ಸಿಲಿಕಾ ಜೆಲ್ ನಾವು ಲೆಕ್ಕ ಹಾಕಿದ ಅರ್ಧ ಮಿಲಿಗ್ರಾಂ ನೀರನ್ನು ಸುಲಭವಾಗಿ ಹಿಡಿದುಕೊಳ್ಳುತ್ತದೆ. ಆದರೆ ಪದೇ ಪದೇ ಕೋಣೆ ತೆರೆದರೆ, ತಿಂಗಳುಗಟ್ಟಲೆ ಸೋರಿದರೆ ಅದೂ ತುಂಬಿಹೋಗುತ್ತದೆ.

ತುಂಬಿದ ಸಿಲಿಕಾ ಜೆಲ್ಲನ್ನು ಎಸೆಯಬೇಕಾಗಿಲ್ಲ. 110-120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿದರೆ ನೀರು ಬಿಟ್ಟು ಮತ್ತೆ ಕೆಲಸಕ್ಕೆ ಬರುತ್ತದೆ. ಅಣುಜರಡಿಗೆ ಇನ್ನೂ ಹೆಚ್ಚು, 200 ಡಿಗ್ರಿಗೂ ಮೀರಿದ ಶಾಖ ಬೇಕು. ತೇವ ತಿಳಿಯಲು ಬಣ್ಣ ಸೇರಿಸಿದ ಹರಳುಗಳೂ ಉಂಟು. ನೀಲಿ ಹರಳು ತೇವಗೊಂಡಾಗ ಗುಲಾಬಿಯಾಗುತ್ತದೆ. ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ಲವಣವಿರುವುದರಿಂದ ಅಡುಗೆ ಪಾತ್ರೆಯಲ್ಲಿ ಎಂದೂ ಕಾಯಿಸಬೇಡಿ, ಕಾಲೇಜಿನ ಪ್ರಯೋಗಾಲಯದ ಒಲೆಯನ್ನು ಬಳಸಿ. ಕಾಯಿಸುವ ಮೊದಲು ಮತ್ತು ನಂತರ ಹರಳನ್ನು ತೂಗಿ ಬರೆದಿಡಿ. ಎಷ್ಟು ನೀರು ಸೇರಿತ್ತು ಎಂದು ನಿಖರವಾಗಿ ತಿಳಿಯುತ್ತದೆ.

ಕೆಲವರು ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಸಾಕು ಎನ್ನುತ್ತಾರೆ. ಮನೆಯ ಅಕ್ಕಿಯಲ್ಲೇ ತೂಕದ ಶೇಕಡ 12-13ರಷ್ಟು ನೀರಿರುತ್ತದೆ. ಅದು ಸುತ್ತಲಿನ ಗಾಳಿಯನ್ನು ಶೇಕಡ 60ರ ಸುಮಾರಿಗೆ ತರಬಲ್ಲದೇ ಹೊರತು ಶೇಕಡ 10ಕ್ಕೆ ಇಳಿಸಲಾರದು. ನಮ್ಮಲ್ಲಿ ಹೇರಳವಾಗಿ ಸಿಗುವ ತೆಂಗಿನ ನಾರಿನ ಪುಡಿ ಇನ್ನೂ ಕೆಟ್ಟದ್ದು; ಅದು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಂಡು ಗಿಡಗಳಿಗೆ ಉಣಿಸುವ ವಸ್ತು. ಕ್ಯಾಮೆರಾ ಪೆಟ್ಟಿಗೆಗೆ ಅದನ್ನು ತುಂಬಬೇಡಿ.

ಚಿಪ್ಪಿನ ಇದ್ದಿಲು ಮತ್ತು ದೊಡ್ಡ ದೂರದರ್ಶಕ

ಹಾಗಾದರೆ ತೆಂಗಿಗೆ ಈ ವಿಜ್ಞಾನದಲ್ಲಿ ಸ್ಥಾನವೇ ಇಲ್ಲವೆ? ಇದೆ, ಅದೂ ದೊಡ್ಡ ಸ್ಥಾನ.

ಕೊಬ್ಬರಿ ತೆಗೆದ ಮೇಲೆ ಉಳಿಯುವ ಚಿಪ್ಪನ್ನು ಸುಟ್ಟು ಇದ್ದಿಲು ಮಾಡುವುದನ್ನು ನೀವು ಕಂಡಿರುತ್ತೀರಿ. ಆ ಇದ್ದಿಲನ್ನು ಹೆಚ್ಚಿನ ಶಾಖದಲ್ಲಿ ಹಬೆಯೊಂದಿಗೆ ಸಂಸ್ಕರಿಸಿದರೆ ಅತಿ ಸೂಕ್ಷ್ಮ ರಂಧ್ರಗಳುಳ್ಳ ಕ್ರಿಯಾಶೀಲ ಇದ್ದಿಲು ಸಿಗುತ್ತದೆ. ಅದರ ಒಂದು ಗ್ರಾಂನಲ್ಲಿರುವ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ಸಾವಿರ ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ! ಹನ್ನೆರಡು ತೆಂಗಿನ ಮರ ನಿಲ್ಲುವಷ್ಟು ನೆಲ ಒಂದು ಚಿಟಿಕೆ ಇದ್ದಿಲಿನೊಳಗೆ ಮಡಿಸಿಕೊಂಡಿದೆ.

ಥರ್ಮಾಸ್ ಫ್ಲಾಸ್ಕಿನ ಮೂಲರೂಪವನ್ನು 1892ರಲ್ಲಿ ತಯಾರಿಸಿದ ಜೇಮ್ಸ್ ಡ್ಯೂವರ್ ಎಂಬ ವಿಜ್ಞಾನಿಯ ಹೆಸರು ಕೇಳಿರಬಹುದು. 20ನೇ ಶತಮಾನದ ಆರಂಭದಲ್ಲಿ ಆತ ತೆಂಗಿನ ಚಿಪ್ಪಿನ ಇದ್ದಿಲನ್ನು ದ್ರವ ಗಾಳಿಯಷ್ಟು ತಣ್ಣಗೆ ಮಾಡಿದರೆ ಅದು ಸುತ್ತಲಿನ ಅನಿಲವನ್ನು ಅಪಾರವಾಗಿ ಹಿಡಿದುಕೊಳ್ಳುತ್ತದೆ ಎಂದು ತೋರಿಸಿದ. ಪಂಪು ತೆಗೆಯಲಾರದೆ ಬಿಟ್ಟ ಗಾಳಿಯನ್ನು ಇದ್ದಿಲು ತೆಗೆಯಿತು.

ಈ ಉಪಾಯ ಇಂದಿಗೂ ಬಳಕೆಯಲ್ಲಿದೆ. ವೃತ್ತಿನಿರತ ಖಗೋಳ ವಿಜ್ಞಾನಿಗಳ ಸಂವೇದಕಗಳು ಮೈನಸ್ 100 ಡಿಗ್ರಿಯ ಆಚೀಚೆ ಕೆಲಸ ಮಾಡುತ್ತವೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಅವನ್ನು ತಣ್ಣಗೆ ಮಾಡುವ ರೂಢಿಯಿದೆ. ಅಷ್ಟು ತಂಪಿನಲ್ಲಿ ಸಿಲಿಕಾ ಜೆಲ್ಲಿನ ಒಣತನ ಸಾಲದು. ಆದ್ದರಿಂದ ಗಾಳಿಯನ್ನೇ ತೆಗೆದುಹಾಕಿ, ಡ್ಯೂವರ್ ಪಾತ್ರೆಯ ನಿರ್ವಾತದಲ್ಲಿ ಸಂವೇದಕವನ್ನು ಇಡುತ್ತಾರೆ. ಉಳಿದ ಅನಿಲವನ್ನು ಹಿಡಿಯಲು ಇಂಥ ಪಾತ್ರೆಗಳೊಳಗೆ ಕ್ರಿಯಾಶೀಲ ಇದ್ದಿಲನ್ನೋ ಅಣುಜರಡಿಯನ್ನೋ ಇಡುತ್ತಾರೆ. ಒಂದು ಎಚ್ಚರಿಕೆ: ಇದ್ದಿಲಿನ ಈ ಸಾಮರ್ಥ್ಯ ಬರುವುದು ಅತಿ ತಂಪಿನಲ್ಲಿ. ನಿಮ್ಮ ಕ್ಯಾಮೆರಾದ ಕೋಣೆಯಲ್ಲಿ ಅಲ್ಪಸ್ವಲ್ಪ ಆವಿಯನ್ನು ಹಿಡಿಯಲು ಸಿಲಿಕಾ ಜೆಲ್ಲೇ ಸರಿ, ಮನೆಯ ಇದ್ದಿಲಲ್ಲ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ವೀಕ್ಷಣಾಲಯಗಳನ್ನೇ ನೋಡಿ. ತಮಿಳುನಾಡಿನ ಕಾವಲೂರಿನಲ್ಲಿ 1986ರಲ್ಲಿ ಉದ್ಘಾಟನೆಯಾದ 2.34 ಮೀಟರ್ ವ್ಯಾಸದ ವೇಣು ಬಾಪು ದೂರದರ್ಶಕವಿದೆ. ಅಲ್ಲಿ ಮಳೆಗಾಲದ ಅನೇಕ ರಾತ್ರಿಗಳು ಕೆಲಸಕ್ಕೆ ಬಾರವು. ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದ ಒಣ ಮರುಭೂಮಿಯಲ್ಲಿ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಮ್ಮ ಹೊಸಕೋಟೆಯ ಕೇಂದ್ರದಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. ಅಷ್ಟು ದೂರ, ಅಷ್ಟು ಎತ್ತರಕ್ಕೆ ಹೋದದ್ದಕ್ಕೆ ಮುಖ್ಯ ಕಾರಣಗಳಲ್ಲೊಂದು ಅಲ್ಲಿನ ಗಾಳಿಯಲ್ಲಿ ನೀರು ಬಹಳ ಕಡಿಮೆ ಎಂಬುದು. ಒಣ ಗಾಳಿಗಾಗಿ ಹಿಮಾಲಯ ಹತ್ತುವುದು ನಮಗೆ ನಿಮಗೆ ಸಾಧ್ಯವಿಲ್ಲ. ಅರ್ಧ ಲೋಟದಷ್ಟು ಗಾಳಿಯನ್ನು ಒಣಗಿಸುವುದು ಸಾಧ್ಯ.

ಒಂದು ರಾತ್ರಿಯ ಕ್ರಮ

ನಿಮ್ಮ ವಿಜ್ಞಾನ ಸಂಘದ ಕೈಗೆ ಇಂಥ ಕ್ಯಾಮೆರಾ ಬಂದರೆ ಏನು ಮಾಡಬೇಕು? ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು, ಹರಳು ಬದಲಾಯಿಸುವ ಕಾಲ. ತಯಾರಕರ ಕೈಪಿಡಿ ಅನುಮತಿಸಿದರೆ ಮಾತ್ರ ಈ ಕೆಲಸಕ್ಕೆ ಕೈಹಾಕಿ. ಕೆಲವು ಕ್ಯಾಮೆರಾಗಳ ಕೋಣೆಯಲ್ಲಿ ಒಣ ಆರ್ಗಾನ್ ಅನಿಲ ತುಂಬಿ ಮುಚ್ಚಿರುತ್ತಾರೆ, ಅವನ್ನು ತೆರೆಯಲೇಬಾರದು. ತೆರೆಯಬಹುದಾದ ಕ್ಯಾಮೆರಾವನ್ನು ಮಳೆಗಾಲಕ್ಕೆ ಬದಲು ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ ತೆರೆಯಿರಿ. ಮಳೆಗಾಲದ 25 ಡಿಗ್ರಿಯ, ಶೇಕಡ 85 ಆರ್ದ್ರತೆಯ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 20 ಗ್ರಾಂ ನೀರಿರುತ್ತದೆ. ಬೇಸಿಗೆ ಹತ್ತಿರದ ಮಧ್ಯಾಹ್ನದ 32 ಡಿಗ್ರಿಯ, ಶೇಕಡ 30ರ ಗಾಳಿಯಲ್ಲಿ 10 ಗ್ರಾಂ. ಅರ್ಧಕ್ಕರ್ಧ ಕಡಿಮೆ. ಆದರೆ ಮಧ್ಯಾಹ್ನದ ಗಾಳಿ ಪೂರ್ತಿ ಒಣಗಿದೆ ಎಂದು ಮೋಸಹೋಗಬೇಡಿ. 10 ಗ್ರಾಂ ಎಂದರೂ ಮೈನಸ್ 10 ಡಿಗ್ರಿಗೆ ಅದು ನಾಲ್ಕೈದು ಪಟ್ಟು ಹೆಚ್ಚೇ.

ಎರಡನೆಯದು, ಕಾಯುವುದು. ಹೊಸ ಹರಳು ಹಾಕಿದ ಕೂಡಲೇ ಕ್ಯಾಮೆರಾವನ್ನು ತಣ್ಣಗೆ ಮಾಡಬೇಡಿ. ಆವಿಯ ಅಣುಗಳು ಹುಡುಕಿಕೊಂಡು ಹೋಗಿ ಹರಳಿಗೆ ಅಂಟಲು ಹೊತ್ತು ಬೇಕು. ಒಂದು ಇಡೀ ದಿನ ಬಿಡಿ. ಕಾಯಿ ಗಡಗಡ ಎನ್ನುವ ಮೊದಲೇ ಒಡೆದರೆ ಏನಾಗುತ್ತದೆ ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಮೂರನೆಯದು, ಅತಿಯಾಸೆ ಬೇಡ. 25ರಿಂದ ಮೈನಸ್ 10ಕ್ಕೆ ಇಳಿದಾಗ ಸುಳ್ಳು ಸಂಕೇತ 32ರಲ್ಲಿ ಒಂದು ಭಾಗಕ್ಕೆ ಇಳಿಯಿತು. ಇನ್ನೂ 7 ಡಿಗ್ರಿ ಇಳಿಸಿದರೆ 64ರಲ್ಲಿ ಒಂದು ಭಾಗ. ಆ ವೇಳೆಗೆ ಚಿತ್ರವನ್ನು ಮಸುಕು ಮಾಡುವುದು ಊರ ದೀಪಗಳ ಬೆಳಕೇ ಹೊರತು ಸಂವೇದಕದ ಶಾಖವಲ್ಲ. ಸಿಗುವ ಲಾಭ ಕಡಿಮೆ, ಹಿಮ ಕೂರುವ ಅಪಾಯ ಹೆಚ್ಚು. ತಣ್ಣಗೆ ಮಾಡುವುದನ್ನೂ ಹಂತ ಹಂತವಾಗಿ ಮಾಡಿ.

ನಾಲ್ಕನೆಯದು, ಕಿಟಕಿಯ ಗಾಜು. ಇದರ ಹೊರಮೈ ರಾತ್ರಿಯ ತೇವದ ಗಾಳಿಗೆ ತೆರೆದಿರುತ್ತದೆ, ಒಳಮೈ ತಣ್ಣನೆಯ ಕೋಣೆಗೆ. ಹೊರಗಿನ ಇಬ್ಬನಿ ಬಿಂದು 14 ಡಿಗ್ರಿ ಇದ್ದು ಗಾಜು 12ಕ್ಕೆ ಇಳಿದರೆ ಅದರ ಮೇಲೆ ಇಬ್ಬನಿ. ಚಿತ್ರದ ನಡುವೆ ಒಂದು ಮಸುಕು ಕಲೆ ಕಾಣಿಸಿಕೊಂಡು ಗಂಟೆ ಗಂಟೆಗೂ ದೊಡ್ಡದಾಗುತ್ತದೆ. ಇದಕ್ಕೆ ಒಣಗಿಸುವುದು ಮದ್ದಲ್ಲ, ಏಕೆಂದರೆ ಹೊರಗಿನ ಗಾಳಿಯನ್ನು ಒಣಗಿಸಲು ಆಗದು. ಗಾಜನ್ನೇ ಎರಡು ಮೂರು ಡಿಗ್ರಿ ಬೆಚ್ಚಗಿಡಬೇಕು. ಗಾಜಿನ ಸುತ್ತ ಒಂದೆರಡು ವಾಟ್‌ನ ಸಣ್ಣ ಬಿಸಿಪಟ್ಟಿ ಅನೇಕ ಕ್ಯಾಮೆರಾಗಳಲ್ಲಿ ಇರುತ್ತದೆ. ಆರಂಭದಿಂದಲೇ ಅದನ್ನು ಹಚ್ಚಿಡಿ. ದೂರದರ್ಶಕದ ಮುಂದಿನ ಗಾಜಿಗೆ ಅದರ ವ್ಯಾಸದ ಒಂದೂವರೆ ಪಟ್ಟು ಉದ್ದದ ಕಪ್ಪು ಹಾಳೆಯ ಕೊಳವೆ ಸುತ್ತಿದರೆ, ಸ್ಕೂಟರಿಗೆ ಮರ ಮಾಡಿದ ಉಪಕಾರವನ್ನು ಅದು ಗಾಜಿಗೆ ಮಾಡುತ್ತದೆ.

ಐದನೆಯದು, ಮುಗಿಸುವುದು. ಒಮ್ಮೆಲೇ ವಿದ್ಯುತ್ ಕಿತ್ತುಹಾಕಬೇಡಿ. ಸಂವೇದಕದ ಉಷ್ಣತೆಯನ್ನು ಮೆಲ್ಲಗೆ ಏರಿಸಿ, ಹೊರಗಿನಷ್ಟೇ ಆದ ಮೇಲೆ ಬಂದ್ ಮಾಡಿ. ಕ್ಯಾಮೆರಾವನ್ನು ಮನೆಯೊಳಗೆ ತರುವ ಮೊದಲೇ, ಹೊರಗೇ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ಜನ ಮಲಗಿರುವ, ಕಾಫಿ ಕಾಯುತ್ತಿರುವ ಮನೆಯ ಗಾಳಿ ಬೆಚ್ಚಗೆ, ತೇವವಾಗಿ ಇರುತ್ತದೆ. ಇಬ್ಬನಿ ಕೂರುವುದಿದ್ದರೆ ಚೀಲದ ಮೇಲೆ ಕೂರಲಿ. ಒಂದೆರಡು ಗಂಟೆ ಬಿಟ್ಟು ಚೀಲ ಬಿಚ್ಚಿ.

ನಮ್ಮ ದೂರದರ್ಶನದ ವೃತ್ತಿಯಲ್ಲೂ ಇದು ಹಳೆಯ ಪಾಠ. ಟೇಪಿನ ಕಾಲದ ರೆಕಾರ್ಡರುಗಳೊಳಗೆ ಇಬ್ಬನಿಯನ್ನು ಪತ್ತೆಹಚ್ಚುವ ಒಂದು ಸಣ್ಣ ಸಾಧನ ಇರುತ್ತಿತ್ತು. ಹವಾನಿಯಂತ್ರಿತ ಕೋಣೆಯಿಂದ ಕರಾವಳಿಯ ಸೆಕೆಗೆ ಒಯ್ದರೆ ಯಂತ್ರವೇ ಎಚ್ಚರಿಕೆ ತೋರಿಸಿ ನಿಂತುಬಿಡುತ್ತಿತ್ತು, ಒದ್ದೆ ಉರುಳೆಗೆ ಟೇಪು ಅಂಟದಿರಲಿ ಎಂದು. ಚಿತ್ರೀಕರಣಕ್ಕೆ ಹೊರಟ ತಂಡ ಒಂದು ಗಂಟೆ ಮೊದಲೇ ಹೋಗಿ, ಪೆಟ್ಟಿಗೆ ತೆರೆಯದೆ ಕಾಯುತ್ತಿತ್ತು.

ಆರನೆಯದು, ಇಡುವ ಜಾಗ. ಗಾಳಿಯಾಡದ ಡಬ್ಬದಲ್ಲಿ, ಕಾಯಿಸಿದ ಸಿಲಿಕಾ ಜೆಲ್ ಜೊತೆಗೆ ಇಡಿ. ಬಟ್ಟೆಯ ಚೀಲ, ಚರ್ಮದ ಪೆಟ್ಟಿಗೆ ಬೇಡ, ಅವು ತೇವ ಹಿಡಿಯುತ್ತವೆ. ಆರ್ದ್ರತೆ ಶೇಕಡ 70 ದಾಟಿ ಬಹಳ ದಿನ ನಿಂತರೆ ಗಾಜಿನ ಮೇಲೂ ಬೂಷ್ಟು ಬೆಳೆಯುತ್ತದೆ, ಕೊಬ್ಬರಿಗೆ ಬಂದಂತೆಯೇ.

ಒಳಗೆ ಹಿಮ ಕಟ್ಟಿದ್ದು ಕಂಡರೆ ಗಾಬರಿಯಿಂದ ಬಿಸಿಲಿಗಿಡಬೇಡಿ, ಬಿಸಿಗಾಳಿ ಊದಬೇಡಿ. ತಂಪು ಮಾಡುವುದನ್ನು ನಿಲ್ಲಿಸಿ, ಮೆಲ್ಲಗೆ ಬೆಚ್ಚಗಾಗಲು ಬಿಟ್ಟು, ಹರಳು ಬದಲಿಸಿ, ಒಂದೆರಡು ದಿನ ಸುಮ್ಮನಿಡಿ.

ಮಾಡಿ ನೋಡಿ

ಕ್ಯಾಮೆರಾ ಇಲ್ಲದವರೂ ಮಾಡಬಹುದಾದ ಒಂದು ಪ್ರಯೋಗ ಹೇಳಿ ಮುಗಿಸುತ್ತೇನೆ. ಹೊಳೆಯುವ ಸ್ಟೀಲ್ ಲೋಟದಲ್ಲಿ ಅರ್ಧ ನೀರು ಹಾಕಿ, ಪ್ರಯೋಗಾಲಯದ ಉಷ್ಣಮಾಪಕ ಇಡಿ. ಮಂಜುಗಡ್ಡೆಯ ಚೂರುಗಳನ್ನು ಒಂದೊಂದಾಗಿ ಹಾಕುತ್ತ ಕದಡಿ. ಲೋಟದ ಹೊರಮೈ ಮೊಟ್ಟಮೊದಲು ಮಸುಕಾದಾಗಿನ ಉಷ್ಣತೆಯನ್ನು ಬರೆದುಕೊಳ್ಳಿ. ಅದೇ ಆ ಹೊತ್ತಿನ ಇಬ್ಬನಿ ಬಿಂದು. ಒಂದು ತಿಂಗಳು ಪ್ರತಿದಿನ ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ 3ಕ್ಕೆ ಹೀಗೆ ಅಳೆಯಿರಿ. ಒಂದು ಗುಂಪು ತೋಟದೊಳಗೆ, ಇನ್ನೊಂದು ಗುಂಪು ದಿಣ್ಣೆಯ ಮೇಲೆ ಅಳೆದರೆ ಇನ್ನೂ ಒಳ್ಳೆಯದು. ನಾನು ಕೊಟ್ಟ ಅಂಕಿಗಳೊಂದಿಗೆ ಹೋಲಿಸಿ, ನಿಮ್ಮೂರ ಗಾಳಿಯಲ್ಲಿ ಎಷ್ಟು ನೀರಿದೆ ಎಂದು ಲೆಕ್ಕ ಹಾಕಿ. ಅಟ್ಟದ ಕೊಬ್ಬರಿ ಯಾವ ತಿಂಗಳಲ್ಲಿ ಬೇಗ ಒಣಗುತ್ತದೆ ಎಂದು ಮನೆಯವರನ್ನು ಕೇಳಿ, ಆ ಉತ್ತರವನ್ನೂ ನಿಮ್ಮ ಪಟ್ಟಿಯ ಪಕ್ಕದಲ್ಲಿ ಬರೆಯಿರಿ.

ಮುಂದೊಂದು ದಿನ ನಿಮ್ಮ ಕಾಲೇಜಿಗೆ ತಂಪು ಕ್ಯಾಮೆರಾ ಬಂದಾಗ ಆ ಪಟ್ಟಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಯಾವ ರಾತ್ರಿ ಗಾಜಿಗೆ ಬಿಸಿಪಟ್ಟಿ ಬೇಕು, ಯಾವ ತಿಂಗಳಲ್ಲಿ ಹರಳು ಬದಲಿಸಬೇಕು ಎಂಬುದನ್ನು ಪರದೇಶದಲ್ಲಿ ಅಚ್ಚಾದ ಕೈಪಿಡಿ ಹೇಳಲಾರದು. ತಿಪಟೂರಿನ ಗಾಳಿಯನ್ನು ಅಳೆದವರು ಹೇಳಬಲ್ಲರು.